ತಿದ್ದಿರಿ, ಇಲ್ಲವೇ ತೆಗೆಯಿರಿ

ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಹೇಳಿಕೊಡುತ್ತಿದ್ದ ತಿಪ್ಪೇರುದ್ರಪ್ಪ ಮೇಷ್ಟ್ರಿಗೆ ಈ ಭೂಮಿಯ ಮೇಲೆ ಎರಡಕ್ಷರದ ಒಬ್ಬ ಶತ್ರು ಇದ್ದ. ಅವನ ಹೆಸರು ‘ಐತೆ’. ಉತ್ತರಪತ್ರಿಕೆಯಲ್ಲಿ ಅವನು ಕಣ್ಣಿಗೆ ಬಿದ್ದರೆ ಸಾಕು, ಮೇಷ್ಟ್ರ ಕೆಂಪು ಪೆನ್ನು ಹಾಳೆ ಹರಿಯುವಷ್ಟು ಜೋರಾಗಿ ಓಡುತ್ತಿತ್ತು. ಹಾಗಂತ ಮೇಷ್ಟ್ರೇನು ಬೇರೆ ಸೀಮೆಯಿಂದ ಬಂದವರಲ್ಲ, ಅಲ್ಲೇ ಪಕ್ಕದ ತಾಳ್ಯದವರು. ಅವರ ಅಪ್ಪ, ಅವ್ವ, ಅಕ್ಕ, ಕೇರಿಗೆ ಕೇರಿಯೇ ಐತೆ ಎಂದುಕೊಂಡು ಬದುಕಿದ್ದವರು. ಕಾಲೇಜು ಓದಲು ಚಿತ್ರದುರ್ಗಕ್ಕೆ ಹೋದಾಗ ಹಾಸ್ಟೆಲಿನ ಹುಡುಗರು ‘ಐತೆ ಬಂದ ನೋಡ್ರೋ’ ಎಂದು ಆಡಿಕೊಂಡಿದ್ದರು. ಅಂದು ನಾಲಗೆಯಿಂದ ಹೊರಕ್ಕೆ ಹಾಕಿದ ಮಾತನ್ನು ಅವರು ಮತ್ತೆ ಒಳಗೆ ಬಿಟ್ಟುಕೊಂಡಿರಲಿಲ್ಲ. ಹೆಂಡತಿ ಅನುಸೂಯಮ್ಮನ ಹತ್ತಿರವೂ ‘ಸಾರಿಗೆ ಉಪ್ಪು ಕಡಿಮೆ ಇದೆ’ ಎಂದು ಪುಸ್ತಕ ಓದಿದ ಹಾಗೆಯೇ ಹೇಳುತ್ತಿದ್ದರು.

ಎರಡು ಸಾವಿರದ ಎಂಟನೇ ಇಸವಿಯ ಶ್ರಾವಣದಲ್ಲಿ ಈ ಶತ್ರು ಸ್ಟಾಫ್ ರೂಮಿಗೇ ನುಗ್ಗಿದ. ಕರೆತಂದವರು ವಿಜ್ಞಾನದ ಮೇಷ್ಟ್ರು ಮಾರುತೇಶ್. ತಮ್ಮ ಮೊಬೈಲನ್ನು ತಿಪ್ಪೇರುದ್ರಪ್ಪನವರ ಮೂಗಿನ ಕೆಳಗೆ ಹಿಡಿದು, “ನೋಡ್ರಿ ಸಾ, ನಮ್ಮ ಕನ್ನಡ ಮೊಬೈಲ್‌ನಾಗೆ ಬಂದೈತೆ” ಎಂದರು, ಮಗನಿಗೆ ಫಸ್ಟ್ ಕ್ಲಾಸ್ ಬಂದಷ್ಟು ಖುಷಿಯಿಂದ.

ಅದೊಂದು ಆಟ. ಹೆಸರು ‘ಮೊರ’. ಫೋನ್ ಕಂಪನಿಯವರು ಫೋನಿನೊಳಗೇ ಒಂದು ಅಂಗಡಿ ಇಟ್ಟಿದ್ದರು. ಗುಂಡಿ ಒತ್ತಿ, ಮೂವತ್ತು ರೂಪಾಯಿ ಕರೆನ್ಸಿ ಕಳೆದುಕೊಂಡರೆ ಆಟ ನಿಮ್ಮ ಫೋನಿಗೆ ಇಳಿಯುತ್ತಿತ್ತು. ಪರದೆಯ ಮೇಲೆ ಒಂದು ಮೊರ, ಮೊರದ ತುಂಬ ಅಕ್ಷರಗಳು. ಕೆರೆಯ ಚಿತ್ರ ಬಂದರೆ, ಮೊರದಲ್ಲಿರುವ ಬೇಡದ ಅಕ್ಷರಗಳನ್ನು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಒಂದೊಂದಾಗಿ ತೆಗೆಯಬೇಕು. ಉಳಿದ ಕಾಳು ತಾವಾಗಿ ಸಾಲಾಗಿ ನಿಂತು ‘ಕೆರೆಯಾಗೆ ನೀರು ಐತೆ’ ಎಂದಾಗುತ್ತಿತ್ತು. ಆಗ ಒಂದು ಕೋಳಿ ಬಂದು ರೆಕ್ಕೆ ಬಡಿದು ‘ಮೊರ ಹಸನಾತು’ ಎಂದು ಬರೆದ ಹಲಗೆ ತೋರಿಸುತ್ತಿತ್ತು. ಇಂಥ ಐವತ್ತು ಮೊರಗಳು. ಈ ಕಡೆಯವರೇ ಯಾರೋ ಇಬ್ಬರು ಮೂವರು ಸೇರಿ ಮಾಡಿದ್ದಂತೆ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಐವತ್ತೂ ಮೊರ ನೋಡಿದರು. ‘ಕೆರೆಯಾಗೆ’, ‘ಹಸನಾತು’, ‘ಹೋಗಾಣ’, ‘ಕುಂತ್ಕ’. ಅವರ ಮೈ ಉರಿಯಿತು. ಬಾಯಲ್ಲಿ ಹೇಗಾದರೂ ಆಡಿಕೊಳ್ಳಲಿ, ಅಕ್ಷರದಲ್ಲಿ ಬಂದ ಮೇಲೆ ಮುಗಿಯಿತಲ್ಲ! ನಾಳೆ ಮಕ್ಕಳು ಇದನ್ನೇ ಕನ್ನಡ ಅಂದುಕೊಳ್ಳುವುದಿಲ್ಲವೇ? ಅಂದು ಸಂಜೆಯೇ ಕುಳಿತು ಕಂಪನಿಗೆ ಮೂರು ಪುಟದ ದೂರು ಬರೆದರು. ನಲವತ್ತೊಂದು ದೋಷಗಳನ್ನು ಕ್ರಮಸಂಖ್ಯೆ ಹಾಕಿ ತೋರಿಸಿದರು. ಹೊಳಲ್ಕೆರೆ, ಹೊಸದುರ್ಗ ಎರಡೂ ತಾಲ್ಲೂಕಿನ ಹನ್ನೊಂದು ಜನ ಕನ್ನಡ ಮೇಷ್ಟ್ರುಗಳ ಸಹಿ ಹಾಕಿಸಿದರು. ಕೊನೆಗೆ ‘ಈ ದೋಷಗಳನ್ನು ತಿದ್ದಿರಿ’ ಎಂದು ಬರೆದು ಓದಿಕೊಂಡರು. ವಾಕ್ಯ ಯಾಕೋ ಬೋಳು ಬೋಳಾಗಿ ಕಂಡಿತು. ಮುಂದೆ ‘ಇಲ್ಲವೇ ತೆಗೆಯಿರಿ’ ಎಂದು ಸೇರಿಸಿದರು. ಈಗ ಲಯ ಕೂಡಿತು ಎಂದು ಅವರಿಗೆ ಸಮಾಧಾನವಾಯಿತು.

ಕಂಪನಿಯವರು ಎರಡರಲ್ಲಿ ಸುಲಭವಾದದ್ದನ್ನು ಮಾಡಿದರು. ಅಕ್ಟೋಬರಿನಲ್ಲಿ ನಾಲ್ಕು ಸಾಲಿನ ಇಂಗ್ಲಿಷ್ ಕಾಗದ ಬಂತು, ಆಟವನ್ನು ಅಂಗಡಿಯಿಂದ ತೆಗೆದುಹಾಕಿದ್ದೇವೆ ಎಂದು. ಅದು ಸ್ಟಾಫ್ ರೂಮಿನ ಬೋರ್ಡಿಗೆ ಏರಿತು. ರಾಜ್ಯೋತ್ಸವದ ದಿನ ಮೇಷ್ಟ್ರಿಗೆ ಶಾಲು, ಹಾರ, ‘ನುಡಿಯ ಕಾವಲುಗಾರ’ ಎಂಬ ಬಿರುದು ಎಲ್ಲವೂ ಆಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಬೇರೆ ಮಾತು. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ನಿಂತು, “ನಿಮ್ಮ ಮನೆಗಳ ಫೋನಿನಲ್ಲಿ ಆ ಆಟ ಉಳಿದಿದ್ದರೆ ಇಂದೇ ಅಳಿಸಿಬಿಡಿ” ಎಂದು ಅಪ್ಪಣೆ ಕೊಟ್ಟರು. ಮಕ್ಕಳು ಅಳಿಸಿದರು. ಮೇಷ್ಟ್ರ ಮಾತನ್ನು ಅವರು ಕೇಳಿದ್ದು ಬಹುಶಃ ಅದೊಂದೇ ಸಲ.

ಫೆಬ್ರವರಿಯ ಒಂದು ಶನಿವಾರ ಮೇಷ್ಟ್ರು ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದಾಗ ಬಾಗಿಲಲ್ಲಿ ಅವರ ಅಕ್ಕ ಏಕಾಂತಮ್ಮ ನಿಂತಿದ್ದಳು. ತಾಳ್ಯದ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು, ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಒಳಗೆ ಹೋಗದೆ ಬಾಗಿಲ ಪಕ್ಕದ ಹೆಸರಿನ ಹಲಗೆಗೆ ಮುಖವಿಟ್ಟು ಏನೋ ಗೊಣಗುತ್ತಿದ್ದಳು.

“ತಿ… ಪೇ… ರು… ದ… ಪ” ಎಂದು ಓದಿ, ತಿರುಗಿ ತಮ್ಮನನ್ನು ನೋಡಿ ನಕ್ಕಳು. “ಇದೇನೋ ನಿನ್ನ ಹೆಸ್ರು! ಒಂದೊಂದು ಅಕ್ಷರದ ಕೆಳಗೂ ಮರಿ ಜೋತಾಡ್ತಾವೆ. ಮರಿ ಇರೋವು ನಂಗಿನ್ನೂ ಬರಲ್ಲ.”

ಮೇಷ್ಟ್ರು ಚೀಲ ಹಿಡಿದುಕೊಂಡೇ ನಿಂತರು. ಈ ಅಕ್ಕ ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅವ್ವ ಕೂಲಿಗೆ ಹೋಗುವಾಗ ಎಳೆಗೂಸು ತಿಪ್ಪೇಶಿಯನ್ನು, ಅಂದರೆ ಇದೇ ಮೇಷ್ಟ್ರನ್ನು, ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಆಮೇಲೆ ತಿಪ್ಪೇಶಿ ಶಾಲೆಗೆ ಹೋದ, ಅಕ್ಕ ಹೋಗಲಿಲ್ಲ. ಐವತ್ತು ದಾಟಿದ ಹೆಬ್ಬೆಟ್ಟಿನ ಹೆಂಗಸು ಈಗ ಹಲಗೆ ಓದುತ್ತಿದ್ದಾಳೆ.

“ಬಸ್ಸಿಗೆ ಯಾರು ಹತ್ತಿಸಿದರು ಅಕ್ಕ?” ಎಂದರು, ಬೇರೇನು ಕೇಳುವುದೆಂದು ತೋಚದೆ.

“ಯಾರು ಹತ್ತುಸ್ಬೇಕು? ಬೋರ್ಡ್ ಓದ್ಕಂಡು ನಾನೇ ಹತ್ತಿದೆ. ‘ಹೊಳಲೆರೆ’ ಅಂತ ಇತ್ತು, ಕೆಳಗೊಂದು ಮರಿ. ನಮ್ಮ ಕಡೆ ಹೊಳಲೆರೆ ಅನ್ನಂಗೆ ಇನ್ನಾವ ಊರು ಐತೆ ಹೇಳು, ಇದೇ ಇರ್ಬೇಕು ಅಂತ ಕುಂತ್ಕಂಡೆ.”

“ಯಾರು ಕಲಿಸಿದರು ನಿನಗೆ?”

ಏಕಾಂತಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಮೊಬೈಲು ತೆಗೆದಳು. “ಮೊರ ಕಲಿಸ್ತು ಕಣೋ. ಈಗ ಅದೇ ಹೋಗ್ಬಿಟ್ಟೈತೆ. ಅದಕ್ಕೇ ಬಂದಿದ್ದು.”

ಅಕ್ಕ ಹೇಳುತ್ತಾ ಹೋದಳು. ಶ್ರೀರಾಂಪುರದಲ್ಲಿ ಅಂಗನವಾಡಿ ನಡೆಸುವ ಮಗಳು ಉಷಾರಾಣಿ ಜೂನ್‌ನಲ್ಲಿ ಫೋನು ಕೊಡಿಸುವಾಗ ಆ ಆಟವನ್ನೂ ಇಳಿಸಿಕೊಟ್ಟಿದ್ದಳು. ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದ ಮೇಲೆ ಅಕ್ಕ ದಿನಾ ಒಂದಷ್ಟು ಹೊತ್ತು ಮೊರ ಹಸನು ಮಾಡುತ್ತಿದ್ದಳು. ಮೊದಮೊದಲು ಚಿತ್ರ ನೋಡಿ ಅಂದಾಜಿನಲ್ಲಿ ಕಲ್ಲು ಆರಿಸುತ್ತಿದ್ದವಳಿಗೆ ಬರಬರುತ್ತಾ ಅಕ್ಷರ ಹಿಡಿತಕ್ಕೆ ಸಿಕ್ಕವು. ಮೂವತ್ತು ಮೊರ ಮುಗಿದಿತ್ತು. ಮೂವತ್ತೊಂದರಿಂದ ಒತ್ತಕ್ಷರ. ಅವಳು ಮರಿ ಎನ್ನುತ್ತಿದ್ದುದು ಅದನ್ನೇ. ಮೊದಲನೆಯ ಪದವೇ ‘ಅಮ್ಮ’.

“ನನ್ನ ಹೆಸರ್ನಾಗೂ ಅದೇ ಮರಿ ಐತಂತೆ. ಅದೊಂದು ಬಂದಿದ್ರೆ ಸೈನ್ ಹಾಕಾಕೆ ಕಲೀತಿದ್ದೆ. ಅವತ್ತೇ ನೋಡು, ಫೋನು ಕೈ ಜಾರಿ ಸಾರಿನ ಹಂಡೆಗೆ ಬಿತ್ತು. ಇಲ್ಲೇ ಓಬಳೇಶನ ಅಂಗಡೀಗೆ ರಿಪೇರಿಗೆ ಕೊಟ್ಟಿದ್ದೆ. ಫೋನು ಬದುಕೈತೆ, ಒಳಗಿರೋದೆಲ್ಲ ಅಳಿಸಿ ಹೋಗೈತೆ ಅಂತಾನೆ. ಇನ್ನೊಂದ್ಸಲ ಮೊರ ಹಾಕ್ಕೊಡಪ್ಪ ಅಂದ್ರೆ ಬರಲ್ಲ ಅಂತಾನೆ. ನೀನು ಬಂದು ಸಲ್ಪ ಜೋರು ಮಾಡಿ ಹೇಳು, ಹೋಗಾಣ ಬಾ.”

ಮೇಷ್ಟ್ರು ಅಂಗಿ ಬದಲಿಸುವ ನೆಪದಲ್ಲಿ ಒಳಗೆ ಹೋಗಿ ಮಂಚದ ಮೇಲೆ ಕುಳಿತರು. ಅವರಿಗೆ ನೆನಪಾದದ್ದು ತೊಂಬತ್ತಮೂರನೇ ಇಸವಿ. ಸಾಕ್ಷರತೆಯ ಕೆಲಸ ಊರೂರಲ್ಲಿ ನಡೆಯುತ್ತಿದ್ದ ಕಾಲ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವರು ತಾಳ್ಯದ ದೇವಸ್ಥಾನದ ಜಗಲಿಯಲ್ಲಿ ಸಂಜೆ ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಎಲ್ಲರಿಗಿಂತ ಮುಂದೆ ಬಂದು ಕೂರುತ್ತಿದ್ದವಳು ಅಕ್ಕನೇ. ಒಂದು ದಿನ ಪುಸ್ತಕದಲ್ಲಿ ‘ಬಾವಿಯಲ್ಲಿ ನೀರು ಇದೆ’ ಎಂದಿತ್ತು. ಅಕ್ಕ ಬೆರಳಿಟ್ಟು ‘ಬಾವಿಯಾಗೆ ನೀರು ಐತೆ’ ಎಂದು ಓದಿದಳು. ಅವರು ತಿದ್ದಿದರು. ಅವಳು ಮತ್ತೆ ಐತೆ ಎಂದಳು. ಮೂರನೆಯ ಸಲ ಅವರು, ‘ಇ, ದೆ! ಎರಡಕ್ಷರ ಕಾಣಿಸುವುದಿಲ್ಲವೇ? ನಾಲಗೆ ಹೊರಳುವುದಿಲ್ಲವೇ?’ ಎಂದು ಎಲ್ಲರ ಎದುರು ಗದರಿದರು. ಹೆಂಗಸರು ನಕ್ಕರು. ಅಕ್ಕನೂ ಅವರ ಜೊತೆ ನಕ್ಕಳು. ಮರುದಿನದಿಂದ ಪಾಠಕ್ಕೆ ಬರಲಿಲ್ಲ. ಎಮ್ಮೆ ಕರು ಹಾಕಿದೆ, ಪುರಸೊತ್ತಿಲ್ಲ ಎಂದು ಹೇಳಿ ಕಳಿಸಿದ್ದಳು. ತಾನು ಅದನ್ನು ನಂಬಿದ್ದೆನೋ, ನಂಬಿದಂತೆ ಇದ್ದುಬಿಟ್ಟೆನೋ ಎಂದು ಮೇಷ್ಟ್ರಿಗೆ ಈಗ ನಾಚಿಕೆಯಾಯಿತು.

ಓಬಳೇಶನ ಮೊಬೈಲ್ ರಿಪೇರಿ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ. ಅವನು ಮೇಷ್ಟ್ರ ಹಳೆಯ ಶಿಷ್ಯ. ಅವರನ್ನು ಕಂಡವನೇ ಎದ್ದು ಸ್ಟೂಲು ಒರೆಸಿ, “ಬರ್ರಿ ಸಾ, ಕುಂತ್ಕಳ್ರಿ” ಎಂದ.

“ಕಾಸು ಕೊಟ್ಟು ತಗಂಡಿದ್ದು ಕಣಪ್ಪ,” ಎಂದು ಏಕಾಂತಮ್ಮ ಶುರುಮಾಡಿದಳು. “ಒಂದು ಕೊಡ ತಗಂಡ್ರೆ, ಮಾರಿದೋನು ಅಂಗಡಿ ಮುಚ್ಚಿದ್ರೂ ಕೊಡ ನಮ್ಮನೇಲೇ ಇರ್ತೈತಲ್ಲ?”

“ಇದು ಕೊಡ ಇದ್ದಂಗಲ್ಲಮ್ಮ,” ಎಂದ ಓಬಳೇಶ. “ಆಟ ಇರೋದು ಕಂಪನಿ ಅಂಗಡ್ಯಾಗೆ. ನಿಮ್ಮ ಫೋನಿನಾಗೆ ಇರೋವರೆಗೂ ಆಡ್ಬೋದು. ಅಳಿಸಿ ಹೋದ್ರೆ ಮತ್ತೆ ಅಲ್ಲಿಂದಲೇ ತರ್ಬೇಕು. ನೀವು ತಗಂಡಿದ್ದೀರಿ ಅಂತ ನಿಮ್ಮ ನಂಬರಿನ ಮೇಲೆ ಬರ್ದೈತೆ. ಆದ್ರೆ ಅಲ್ಲಿ ಮಾಲೇ ಇಲ್ಲ. ತೆಗ್ದಾಕಿಬಿಟ್ಟಿದಾರೆ.”

“ಯಾಕಂತೆ?”

ಓಬಳೇಶ ಒಂದು ಕ್ಷಣ ಮೇಷ್ಟ್ರ ಮುಖ ನೋಡಿದ. ರಾಜ್ಯೋತ್ಸವದ ಸಭೆಯಲ್ಲಿ ಮೈಕ್ ಸೆಟ್ ಹಾಕಿದವನು ಅವನೇ. “ಯಾರೋ ಮೇಷ್ಟ್ರು ಕಂಪ್ಲೇಂಟ್ ಕೊಟ್ರಂತಮ್ಮ” ಎಂದು ಸ್ಕ್ರೂಡ್ರೈವರ್ ಹುಡುಕತೊಡಗಿದ.

“ಯಾವೂರಿನ ಮೇಷ್ಟ್ರಪ್ಪ?”

“ಗೊತ್ತಿಲ್ಲಮ್ಮ.”

ಸುಳ್ಳು ಹೇಳಬಾರದೆಂದು ತಾವೇ ಬೆತ್ತ ಹಿಡಿದು ಕಲಿಸಿದ ಶಿಷ್ಯ ತಮಗಾಗಿ ಸುಳ್ಳು ಹೇಳುತ್ತಿದ್ದ. ಮೇಷ್ಟ್ರು ತಟ್ಟನೆ ಎದ್ದು ಹೊರಗೆ ಹೋಗಿ ಮಾರುತೇಶ್‌ಗೆ ಫೋನ್ ಮಾಡಿದರು. ಅವರ ಫೋನಿನಲ್ಲಿ ಆಟ ಇತ್ತಲ್ಲ, ಆ ಫೋನನ್ನೇ ನಾಲ್ಕು ದಿನ ಕೇಳಿ ಪಡೆದರಾಯಿತು.

“ಮೊರಾನಾ ಸಾ? ಅಳಿಸಿಬಿಟ್ಟೆ,” ಎಂದರು ಮಾರುತೇಶ್. “ನೀವು ಅಷ್ಟು ಹೇಳಿದ ಮೇಲೂ ಇಟ್ಕಂಡ್ರೆ ಚೆನ್ನಾಗಿರಲ್ಲ ಅಂತ. ಯಾಕೆ ಸಾ, ಮತ್ತೆ ಎಲ್ಲಾದ್ರೂ ಬಂದೈತಾ? ಇನ್ನೊಂದು ಲೆಟ್ರು ಬರ್ಯಾಣ ಬಿಡ್ರಿ.”

ಮೇಷ್ಟ್ರು ಫೋನು ಇಟ್ಟರು. ಊರಿನಲ್ಲಿ ಯಾರ ಮನೆಯಲ್ಲಿ ಉಳಿದಿದ್ದೀತೆಂದು ಯೋಚಿಸಿದರು. ಉಳಿಯದಂತೆ ನೋಡಿಕೊಂಡವರು ತಾವೇ.

ಮನೆಗೆ ಬಂದ ಮೇಲೆ ಊಟ ಮಾಡುತ್ತಾ ಏಕಾಂತಮ್ಮ ದಾರಿ ಕಂಡುಕೊಂಡಿದ್ದಳು. ಕಂಪನಿಗೆ ಕಾಗದ ಬರೆಯುವುದು. “ಒಬ್ಬ ಮೇಷ್ಟ್ರು ಬರ್ದಿದ್ದಕ್ಕೆ ತೆಗ್ದಿದಾರೆ ಅಂದ್ಮೇಲೆ, ಇನ್ನೊಬ್ಬ ಮೇಷ್ಟ್ರು ಬರ್ದ್ರೆ ಹಾಕ್ಬೇಕಲ್ಲ? ನಿನ್ನಂಗೆ ಬರಿಯೋರು ಯಾರವ್ರೆ? ನಾನು ಹೇಳ್ತೀನಿ, ನೀನು ಬರ್ಕ. ಆದ್ರೆ ನಾನು ಹೇಳ್ದಂಗೇ ಬರೀಬೇಕು, ಗೊತ್ತಾತಾ? ನಿನ್ನ ಪುಸ್ತಕದ ಮಾತಿಗೆ ಹಾಕಬ್ಯಾಡ.”

ಮೇಷ್ಟ್ರು ಪೆನ್ನು ಹಿಡಿದರು. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಹೇಳತೊಡಗಿದಳು.

“ಕಂಪನಿಯೋರಿಗೆ ತಾಳ್ಯದ ಏಕಾಂತಮ್ಮ ಮಾಡೋ ನಮಸ್ಕಾರ. ನಿಮ್ಮ ಅಂಗಡ್ಯಾಗೆ ಮೊರ ಅಂತ ಒಂದು ಆಟ ಇತ್ತು. ನಂಗೆ ಓದಾಕೆ ಬರ್ತಿರ್ಲಿಲ್ಲ. ಹಿಂದೊಂದ್ಸಲ ಕಲಿಯಾಕೆ ಹೋಗಿದ್ದೆ, ಆಗ್ಲಿಲ್ಲ. ಆ ಪುಸ್ತಕದಾಗೆ ಒಂದೊಂದೇ ಅಕ್ಷರ ಕೂಡಿಸ್ಕಂಡು ಕೊನೆಗೆ ಹೋದ್ರೆ ಬೇರೆ ಯಾರ್ದೋ ಮಾತು ಬರ್ತಿತ್ತು. ನಿಮ್ಮ ಮೊರದಾಗೆ ಕಲ್ಲು ತೆಗ್ದು ನೋಡಿದ್ರೆ ನನ್ನ ಮಾತೇ ಕುಂತಿರ್ತಿತ್ತು. ನಮ್ಮವ್ವ ಆಡೋ ಮಾತು. ಬರ್ದ್ಯಾ?”

“ಬರೆದೆ” ಎಂದರು ಮೇಷ್ಟ್ರು.

“ಐತೆ ಅಂತ ಅಕ್ಷರದಾಗೆ ನೋಡಿದ ದಿನ ನಂಗೆ ನಗು ಬಂತು. ಇದೂ ಬರಿಯೋ ಮಾತೇ ಅನ್ನೋದು ನಂಗೆ ಗೊತ್ತಿರ್ಲಿಲ್ಲ. ಇನ್ನು ಇಪ್ಪತ್ತು ಮೊರ ಬಾಕಿ ಐತೆ. ಅದನ್ನ ಕೊಡ್ರಿ.”

ಮೇಷ್ಟ್ರ ಪೆನ್ನು ಐತೆ ಎಂದು ಬರೆಯಿತು, ತಪ್ಪು ತೋರಿಸಲು ಅಲ್ಲದೆ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ಏಕಾಂತಮ್ಮ ಹಾಳೆ ಈಸಿಕೊಂಡು ಕೆಳಗೆ ನಾಲಗೆ ಕಚ್ಚಿಕೊಂಡು ತನ್ನ ಹೆಸರು ಬರೆದಳು. ‘ಏಕಾಂತಮ’. ಹೆಬ್ಬೆಟ್ಟಿನ ಮಸಿ ಇಲ್ಲದ ಅವಳ ಮೊದಲ ಸಹಿ. ಒತ್ತು ಇಲ್ಲದ ಆ ‘ಮ’ ನೋಡಿ ತಿದ್ದಲು ಮೇಷ್ಟ್ರ ಕೈ ತಾನಾಗಿ ಮುಂದೆ ಹೋಯಿತು. ಹೋದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

“ಇನ್ನೊಂದು ಕೆಲ್ಸ ಐತೆ,” ಎಂದಳು ಅಕ್ಕ. “ಆ ಮೇಷ್ಟ್ರು ಯಾರು ಅಂತ ನೀನು ಪತ್ತೆ ಮಾಡು. ನಿಮ್ಮ ನಿಮ್ಮಲ್ಲಿ ಗೊತ್ತಿರ್ತೈತಲ್ಲ. ನಾನೇನು ಜಗಳ ಆಡಲ್ಲ. ಓದಿದೋರು, ಏನೋ ಒಳ್ಳೇದಕ್ಕೇ ಮಾಡಿರ್ತಾರೆ. ಹಿಂಗಿಂಗೆ ಒಬ್ಬಾಕೆ ಓದ್ತಿದ್ಲು ಅಂತ ಹೇಳಿದ್ರೆ ಪಾಪ, ಅವ್ರೇ ಒಂದು ಸೈನ್ ಹಾಕ್ಕೊಡ್ತಾರೆ.”

ಅಡುಗೆಮನೆಯ ಬಾಗಿಲಲ್ಲಿ ಅನುಸೂಯಮ್ಮ ಗಂಡನನ್ನೇ ನೋಡುತ್ತಾ ನಿಂತಿದ್ದರು. ಸುಮ್ಮನಿದ್ದುಬಿಡಬಹುದಿತ್ತು. ಪತ್ತೆಯಾಗಲಿಲ್ಲ ಎಂದರೆ ಅಕ್ಕ ನಂಬುತ್ತಿದ್ದಳು, ಆ ದೂರೇ ಕೈಗೆ ಸಿಕ್ಕರೂ ಕೆಳಗಿನ ಮರಿ ಇರುವ ಹೆಸರನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಅದು ಹೊಳೆದ ಕ್ಷಣವೇ ಮೇಷ್ಟ್ರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

“ಅಕ್ಕ, ಆ ಮೇಷ್ಟ್ರು ನಾನೇ ಕಣಕ್ಕ.”

ಏಕಾಂತಮ್ಮ ಚಾಚಿದ ಕಾಲನ್ನು ಮೆಲ್ಲಗೆ ಮಡಚಿಕೊಂಡಳು. ಬೈಯುತ್ತಾಳೆಂದು ಮೇಷ್ಟ್ರು ಕಾದರು. ಬೈದರೆ ಸಾಕಾಗಿತ್ತು.

“ನಾನು ಆಡ್ತಿದ್ದೆ ಅಂತ ನಿಂಗೆ ಗೊತ್ತಿತ್ತಾ?”

“ಇಲ್ಲಕ್ಕ, ದೇವರಾಣೆ.”

“ಗೊತ್ತಿದ್ರೆ ಬರೀತಿರ್ಲಿಲ್ವಾ?”

ಮೇಷ್ಟ್ರು ಬಾಯಿ ತೆರೆದರು. ಬರೆಯುತ್ತಿರಲಿಲ್ಲ ಎನ್ನಬೇಕಿತ್ತು. ಆದರೆ ಆಗಸ್ಟಿನ ಆ ಸಂಜೆಯ ತಮ್ಮನ್ನು ಅವರು ಚೆನ್ನಾಗಿ ಬಲ್ಲರು. ಅಕ್ಕನಿಗೆ ಬುದ್ಧಿ ಹೇಳಿ, ಶುದ್ಧವಾದ ಪುಸ್ತಕ ಒಂದನ್ನು ಕೊಟ್ಟು, ಕಾಗದವನ್ನು ಹಾಗೆಯೇ ಅಂಚೆಗೆ ಹಾಕುತ್ತಿದ್ದರು. ಅವರು ಬಾಯಿ ಮುಚ್ಚಿಕೊಂಡರು.

ಮೇಷ್ಟ್ರು ಅದೇ ಹಾಳೆಯ ಕೆಳಗೆ, ದೂರು ಕೊಟ್ಟವನು ನಾನೇ, ನನ್ನದು ತಪ್ಪು, ಆಟವನ್ನು ಇದ್ದ ಹಾಗೆಯೇ ಮರಳಿ ಇಡಿ, ಒಂದಕ್ಷರವನ್ನೂ ತಿದ್ದಬೇಡಿ ಎಂದು ಬರೆದು ಸಹಿ ಮಾಡಿದರು. ಆ ಕಾಗದಕ್ಕೆ ಉತ್ತರ ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆದ ಮೂರು ಕಾಗದಗಳಿಗೂ ಬರಲಿಲ್ಲ. ಆಟ ಮಾಡಿದವರು ಆ ಕೆಲಸ ಬಿಟ್ಟು ಬೇರೆ ಏನೋ ಮಾಡಿಕೊಂಡಿದ್ದಾರೆ ಎಂದಷ್ಟೇ ಓಬಳೇಶನ ಮೂಲಕ ತಿಳಿಯಿತು.

ಮೂರು ಗಂಟೆಗೆ ಅಕ್ಕ ಹೊರಟಳು. ಅನುಸೂಯಮ್ಮ ಇದ್ದು ಹೋಗಿ ಅಂದರೂ ನಿಲ್ಲಲಿಲ್ಲ. ಮೇಷ್ಟ್ರು ಜೊತೆಗೆ ನಡೆದರು. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳು. ಬರುವಾಗ ಒಂದೊಂದನ್ನೂ ಗೊಣಗಿಕೊಂಡು ಬಂದಿದ್ದವಳು ಈಗ ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದಳು. ನಾನೇ ದಿನಾ ಬಂದು ಹೇಳಿಕೊಡಲೇ ಎಂದು ಕೇಳಬೇಕೆಂದು ಮೇಷ್ಟ್ರಿಗೆ ಅನ್ನಿಸಿತು. ಜಗಲಿಯ ಮೇಲಿನ ನಗು ನೆನಪಾಗಿ ಕೇಳಲು ಬಾಯಿ ಬರಲಿಲ್ಲ. ಬಸ್‌ಸ್ಟ್ಯಾಂಡು ತಲುಪಿದ ಮೇಲೆ, ಏನಾದರೂ ಮಾತಾಡಲಿ ಎಂದು, ತಮಗೆ ಗೊತ್ತಿದ್ದದ್ದನ್ನೇ ಕೇಳಿದರು.

“ಬಸ್ಸು ಎಷ್ಟು ಗಂಟೆಗಕ್ಕ?”

ಏಕಾಂತಮ್ಮ ತಲೆಯೆತ್ತಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಣಕವೂ ಇರಲಿಲ್ಲ. ಒಂದೊಂದು ಅಕ್ಷರವನ್ನೂ ನಾಲಗೆಯ ಮೇಲೆ ಇಟ್ಟು ನೋಡಿ, ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು ಹೊರಗೆ ಬಿಟ್ಟಳು.

“ಮೂರೂವರೆಗೆ… ಇದೆ.”

“ಹಂಗನಬ್ಯಾಡಕ್ಕ,” ಎಂದರು ಮೇಷ್ಟ್ರು. ಇಪ್ಪತ್ತೈದು ವರ್ಷ ಒಳಗೆ ಬಿಟ್ಟುಕೊಳ್ಳದ ಮಾತು ತಾನಾಗಿ ಬಂದಿತ್ತು. “ಐತೆ ಅನ್ನು. ನನ್ನತ್ರ ಐತೆ ಅನ್ನು.”

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತಳು. ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದ ತಮ್ಮನನ್ನು ಒಮ್ಮೆ ನೋಡಿದಳು.

“ಬಿಸಿಲು ಇದೆ,” ಎಂದಳು. “ನೀವು ಮನೆಗೆ ಹೋಗಿ.”